ನೋವು ಹೊರುವ ಪಾಳಿ

ತುಮಕೂರಿನ ತಮ್ಮ ಪುಟ್ಟ ಕ್ಯಾನ್ಸರ್ ಆಸ್ಪತ್ರೆಗೆ ರೋಗಿಗಳ ನೋವನ್ನು ತೆಗೆದು ಬೇರೆಯವರ ಮೈಗೆ ಸಾಗಿಸುವ ಕಂಪನಿಯೊಂದನ್ನು ಪಾಲುದಾರ ಸಂಸ್ಥೆಯಾಗಿ ಆರಿಸಲು ಡಾಕ್ಟರ್ ವೈಜಯಂತಿ ಕುಳಿತಿದ್ದರು. ಬಂದವರಿಗೆಲ್ಲ ಅವರದು ಒಂದೇ ಪ್ರಶ್ನೆ: "ರೋಗಿಯಿಂದ ತೆಗೆದ ನೋವು ಯಾರಿಗೆ ಹೋಗುತ್ತೆ?"

"ಊರಿಗೆಲ್ಲ ತೆಳ್ಳಗೆ ಹಂಚಿಬಿಡ್ತೀವಿ ಮೇಡಂ," ಎಂದ ಮೊದಲ ಕಂಪನಿಯವನು. "ಬೆಳಗ್ಗೆ ಎದ್ದಾಗ ಸೊಂಟ ಹಿಡ್ಕೊಂಡಿದೆ ಅಂದ್ಕೋತಾರೆ, ಅಷ್ಟೇ."

"ನಿಮಗೂ ಬರುತ್ತಾ?"

"ಕಂಪನಿಯವರಿಗೆ ವಿನಾಯಿತಿ ಇದೆ."

"ನಾಚಿಕೆಯಾಗಬೇಕು ನಿಮಗೆ," ಎಂದು ವೈಜಯಂತಿ ಅವನನ್ನು ಎಬ್ಬಿಸಿ ಕಳಿಸಿದರು.

ಎರಡನೆಯವನು ಕುಂಟುತ್ತಾ ಬಂದು ಮೇಜು ಹಿಡಿದು ಕುಳಿತ. ವಾರ್ಡಿನ ಸಿದ್ದಲಿಂಗಮ್ಮನ ನೋವನ್ನು ಪ್ರಯೋಗಕ್ಕೆಂದು ನಿನ್ನೆ ಇವನ ಕಂಪನಿಗೆ ಕೊಟ್ಟಿದ್ದರು.

"ನಮ್ಮಲ್ಲಿ ನಾವೇ ಪಾಳಿ ಮೇಲೆ ಹೊರ್ತೀವಿ ಮೇಡಂ. ಇವತ್ತು ನಂದು. ಅಜ್ಜಿ ನಿದ್ದೆ ಮಾಡಿದ್ರಾ?"

"ಎಷ್ಟೋ ದಿನದ ಮೇಲೆ ಚೆನ್ನಾಗಿ ಮಾಡಿದ್ರು." ವೈಜಯಂತಿ ಸಹಿ ಹಾಕಲು ಪೆನ್ನು ತೆಗೆದರು.

"ಪಾಲುದಾರರಾದ್ಮೇಲೆ ನೀವೂ ಪಾಳಿಗೆ ಸೇರ್ತೀರಿ. ನಿಮ್ದು ಭಾನುವಾರ."

ಪೆನ್ನು ನಿಂತಿತು. "ಯೋಚನೆ ಮಾಡಿ ಹೇಳ್ತೀನಿ," ಎಂದು ಅವನನ್ನು ಬಾಗಿಲವರೆಗೂ ಕೈಹಿಡಿದು ಬಿಟ್ಟುಬಂದರು. ಆಮೇಲೆ ರಿಸೆಪ್ಷನ್ನಿನ ತಬಸ್ಸುಮ್‌ಳನ್ನು ಕರೆದರು.

"ಆ ಮೊದಲನೆಯವರು ಹೊರಟುಹೋದ್ರಾ ನೋಡಮ್ಮ. ವಿನಾಯಿತಿ ಡಾಕ್ಟರಿಗೂ ಇದೆಯಾ ಅಂತ ಕೇಳೋದು ಮರೆತೆ."