ಹೊಳೆಯ ನಡುವೆ ಹೊತ್ತಿದ ಚುಕ್ಕೆಗಳು

ಕೃಷ್ಣೆ ದಡ ಮೀರಿ ಹರಿದ ವರ್ಷದ ಮಾತು... ಅವಸರವಿಲ್ಲದಾಗ ಓದಿ.

ಕಾಲೇಜಿನ ಲ್ಯಾಬಿನಲ್ಲಿ ಸಂಜೋತಾ ಮತ್ತು ಅವಳ ಗೆಳೆಯ ಶ್ರೇಯಾಂಸ ಕಂಪ್ಯೂಟರ್ ಮುಂದೆ ಕೂತಿದ್ದರು. ನೆರೆಯಲ್ಲಿ ಸಿಕ್ಕಿಕೊಂಡವರಿಗಾಗಿ ಇಬ್ಬರೂ ಸೇರಿ ಒಂದು ಆ್ಯಪ್ ಕಟ್ಟಿದ್ದರು.

ಬಳಸುವುದು ಸುಲಭ. ಮ್ಯಾಪ್ ತೆರೆದುಕೊಂಡು, "ನಿಮ್ಮ ಮನೆ ಎಲ್ಲಿದೆ? ಬೆರಳಿಟ್ಟು ತೋರಿಸಿ" ಎಂದು ಕೇಳುತ್ತದೆ. ಬೆರಳಿಟ್ಟರೆ ಲ್ಯಾಬಿನ ಪರದೆಯ ಮೇಲೆ ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತದೆ... ಅಲ್ಲಿಗೆ ದೋಣಿ ಹೋಗುತ್ತದೆ.

ಹೊತ್ತು ಇಳಿಯುತ್ತಿತ್ತು. ದೋಣಿಗೆ ಇನ್ನೊಂದೇ ಸುತ್ತು ಉಳಿದಿತ್ತು, ಕತ್ತಲಾದರೆ ಯಾರೂ ನೀರಿಗಿಳಿಯುವಂತಿರಲಿಲ್ಲ.

ಆಗ ಒಂದು ಚುಕ್ಕೆ ಹೊತ್ತಿತು... ಹೊಳೆಯ ನಟ್ಟನಡುವೆ.

ಅಲ್ಲಿ ಊರಿಲ್ಲ, ನಡುಗಡ್ಡೆಯಿಲ್ಲ. ಚುಕ್ಕೆಯ ಜೊತೆ ಫೋನ್ ನಂಬರೂ ಇಲ್ಲ. ನಂಬರ್ ಕೊಡದೆ ಆ್ಯಪ್ ಯಾರ ಚುಕ್ಕೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ...

"ಏನೋ ಬಗ್ ಇರಬೇಕ, ಬಿಡು" ಎಂದ ಶ್ರೇಯಾಂಸ.

ಸಂಜೋತಾ ಬಿಡಲಿಲ್ಲ. ನೀರಿನ ಮೇಲೆ ಬಿದ್ದ ಚುಕ್ಕೆಗಳು ತಾವೇ ಅಳಿಸಿಹೋಗುವಂತೆ ಅವಳೇ ಕೋಡ್ ಬರೆದಿದ್ದಳು, ಕೀಟಲೆ ಮಾಡುವವರನ್ನು ತಡೆಯಲು. ನೀರಿನಲ್ಲಿ ಯಾರ ಮನೆ ಇರುತ್ತದೆ?

ಹಾಗಾದರೆ ಇದೊಂದು ಯಾಕೆ ಅಳಿಯಲಿಲ್ಲ? ಅಳಿಸಿಹೋದವು ಇನ್ನೆಷ್ಟು?

ಅವಳು ಬೆಳಗಿನಿಂದ ಅಳಿಸಿಹೋದದ್ದನ್ನೆಲ್ಲ ಮತ್ತೆ ತೆರೆದಳು.

ಕಪ್ಪು ನೀರಿನ ಮೇಲೆ ಒಂದೊಂದೇ ಕೆಂಪು ಚುಕ್ಕೆ ಮೂಡತೊಡಗಿತು... ಎದುರುಬದುರು ಎರಡು ಸಾಲು. ನಡುವೆ ಖಾಲಿ ದಾರಿ. ದಾರಿಯ ತುದಿಗೆ, ಒಂಟಿಯಾಗಿ, ಆ ನಂಬರಿಲ್ಲದ ಚುಕ್ಕೆ.

"ಶ್ರೇಯಾಂಸ... ಇದು ಓಣಿ ಇದ್ದಂಗ ಕಾಣ್ತದಲಾ."

"ಹೊಳ್ಯಾಗ ಎಲ್ಲಿ ಓಣಿ? ದೆವ್ವಗೋಳ ಊರೇನ?" ಅವನು ನಗಲು ಹೋದ. ನಗು ಬರಲಿಲ್ಲ.

ಒಂಟಿ ಚುಕ್ಕೆ ಬಿಟ್ಟರೆ ಎಲ್ಲವೂ ಒಂದೇ ಫೋನಿನಿಂದ ಬಂದಿದ್ದವು. ಸಂಜೋತಾ ಆ ನಂಬರಿಗೆ ಕರೆ ಮಾಡಿದಳು.

ಮೊದಲು ನೀರಿನ ಸದ್ದು... ಆಮೇಲೆ ಮುದುಕಿಯೊಬ್ಬಳ ದನಿ, ತೀರಾ ಶಾಂತವಾಗಿ.

"ಬಂದ್ರೇನ್ ಯವ್ವಾ? ಮುಂಜಾನಿಂದ ಮನಿ ತೋರಿಸಾಕತ್ತೀನಿ."

ಸಂಜೋತಾ ಪರದೆಯನ್ನು ಮತ್ತೊಮ್ಮೆ ನೋಡಿದಳು. "ಅಜ್ಜಿ, ನೀವು ತೋರಿಸಿದಲ್ಲಿ ಬರೇ ನೀರ ಐತಿ..."

"ಹೂಂ ಮತ್ತ. ನಮ್ಮ ಮನಿ ನೀರಾಗ ಐತಿ. ಡ್ಯಾಮ್ ಕಟ್ಟಿದಾಗ ಊರ ಮುಳುಗಿತು. ಈ ಹೊಸ ಊರು ನಿಮ್ಮ ಮ್ಯಾಪಿನ್ಯಾಗ ಇಲ್ಲಂತ, ಹುಡುಗೂರು ಹುಡುಕಿ ಹುಡುಕಿ ಸಾಕಾಗಿ ಫೋನ್ ನನ್ನ ಕೈಗೆ ಕೊಟ್ರು. ನನಗ ಹೊಳಿ ತಿರುವು ಗುರುತು ಸಿಕ್ಕಿತು. ಮನಿ ಎಲ್ಲೈತಿ ಅಂತ ನೀವು ಕೇಳಿದ್ರಿ... ಎಲ್ಲಾರ ಮನೀನೂ ತೋರಿಸಿದೆ."

"ಅಜ್ಜಿ, ಈಗ ಎಲ್ಲಿದ್ದೀರಿ?"

"ಇದನ್ನ ಮೊದಲ ಕೇಳಬಾರದೇನ? ಹೊಸ ಊರಿನ ಸಾಲಿ ಮಾಳಿಗಿ ಮ್ಯಾಲ ಅದೀವಿ. ನೀರು ಕಿಟಕಿ ಮುಟ್ಟೇತಿ... ಸಣ್ಣ ಸಣ್ಣ ಕೂಸು ಅದಾವು ಯವ್ವಾ."

ಅಜ್ಜಿ ಫೋನಿನಲ್ಲಿ ಹೇಳಿದ ಗುರುತು ಹಿಡಿದು ದೋಣಿಯ ಕೊನೆಯ ಸುತ್ತು ಆ ಶಾಲೆಗೆ ಹೋಯಿತು. ಮುಸ್ಸಂಜೆಗೆ ಎಲ್ಲರೂ ದಡ ಸೇರಿದರು.

ಬೆಳಗಾಗುವಷ್ಟರಲ್ಲಿ ಶಾಲೆ ಕುಸಿದುಬಿದ್ದಿತ್ತು...

ಮರುದಿನ ಪರಿಹಾರ ಕೇಂದ್ರದಲ್ಲಿ ಸಂಜೋತಾ ಆ ಮುದುಕಿಯನ್ನು ಹುಡುಕಿಕೊಂಡು ಹೋದಳು. ತಂಗೆವ್ವ ಎಂದು ಹೆಸರು. ಲ್ಯಾಪ್‌ಟಾಪ್ ತೆರೆದು ಅವಳ ಮುಂದಿಟ್ಟಳು.

ತಂಗೆವ್ವ ಪರದೆಯ ಹತ್ತಿರ ಬಾಗಿದಳು. ಆಮೇಲೆ ಒಂದೊಂದೇ ಚುಕ್ಕೆ ಮುಟ್ಟಿದಳು.

"ಇದು ಬಡಿಗೇರ ಮನಿ... ಇದು ನಮ್ಮದು, ನಾ ಸೊಸಿಯಾಗಿ ಬಂದ ಹೊಸ್ತಿಲಾ... ದೀಪ ಹಚ್ಚೋ ಹೊತ್ತಿಗೆ ಗುಡ್ಡದ ಮ್ಯಾಲಿಂದ ನೋಡಿದ್ರ ನಮ್ಮೂರು ಹಿಂಗ ಕಾಣತಿತ್ತು."

ಕಣ್ಣೀರು ಕೀಬೋರ್ಡಿನ ಮೇಲೆ ಬಿತ್ತು. ಸೆರಗಿನಿಂದ ಅದನ್ನೇ ಮೊದಲು ಒರೆಸಿದಳು, ಮೆಷಿನ್ನು ಕೆಟ್ಟೀತೆಂದು.

ಕೊನೆಯ ಚುಕ್ಕೆಯ ಬಳಿ ಬೆರಳು ನಿಂತಿತು.

"ಇದನ್ನ ನಾ ತೋರಿಸಿಲ್ಲಲ್ಲ."

"ಅದು ಯಾರ ಮನಿ, ಅಜ್ಜಿ?"

ತಂಗೆವ್ವ ಎರಡೂ ಕೈ ಮುಗಿದಳು.

"ಹಣಮಪ್ಪನ ಗುಡಿ. ಊರು ಎತ್ತಿದಾಗ ಅವನ್ನೂ ಎತ್ತಾಕ ನೋಡಿದ್ವಿ. ಕಲ್ಲು ಅಲುಗಲಿಲ್ಲ. ನೀರಾಗ ಬಿಟ್ಟು ಬಂದ್ವಿ, ಯವ್ವಾ..."

ಆಮೇಲೆ ತನಗೆ ತಾನೇ ಎಂಬಂತೆ ಹೇಳಿದಳು...

"ನಾವು ಅವನ್ನ ಬಿಟ್ವಿ. ಅವ ನಮ್ಮನ್ನ ಬಿಡಲಿಲ್ಲ."

ಅಂದೇ ಸಂಜೋತಾ ಆ್ಯಪಿನ ಪ್ರಶ್ನೆ ಬದಲಿಸಿದಳು. ಈಗ ಅದು "ನೀವು ಈಗ ಎಲ್ಲಿದ್ದೀರಿ?" ಎಂದು ಕೇಳುತ್ತದೆ. ನೀರಿನ ಮೇಲಿನ ಚುಕ್ಕೆಗಳನ್ನು ಅದು ಅಳಿಸುವುದಿಲ್ಲ.

ಆ ಒಂಟಿ ಚುಕ್ಕೆ ಹೇಗೆ ಬಂತೆಂದು ಶ್ರೇಯಾಂಸ ಇನ್ನೂ ಹುಡುಕುತ್ತಿದ್ದಾನೆ. ಸಂಜೋತಾ ಹುಡುಕುವುದಿಲ್ಲ... ದಿನಾ ಕೆಲಸ ಶುರುಮಾಡುವ ಮುಂಚೆ ಅದರ ಕಡೆ ಒಮ್ಮೆ ನೋಡುತ್ತಾಳೆ, ಅಷ್ಟೇ.

🙏

ನಮ್ಮ ಕಣ್ಣಿಗೆ ಬರೀ ನೀರು ಕಂಡಲ್ಲಿ ಇನ್ನೊಬ್ಬರ ಊರು ಇರಬಹುದು... ಅಳಿಸುವ ಮೊದಲು ಒಮ್ಮೆ ಕರೆದು ಮಾತಾಡಿಸಿ.

ಇವತ್ತು ನೀವು ಸುಳ್ಳೆಂದು ತಳ್ಳಿಹಾಕಿದ ಕೂಗು ಯಾರದಾಗಿತ್ತು?