ಅಳಿಯನ ರೇಸ್ ಗಾಡಿ

"ಬ್ರೇಕ್ ವಿಷ್ಯ ಬಿಡಿ ಸಾಬ್ರೇ. ಅವನು ಎಲ್ಲೂ ನಿಲ್ಲೋದು ನನಗೆ ಬೇಕಾಗಿಲ್ಲ," ಎಂದರು ಮೇಲೂರಿನ ಚೆನ್ನರಾಯಪ್ಪಗೌಡರು.

ಖಲೀಮುಲ್ಲಾನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಚಿಂತಾಮಣಿಯ ಅವನ ರಿಪೇರಿ ಶೆಡ್ಡಿಗೆ ಎಂತೆಂಥವರೋ ಬಂದಿದ್ದರು, ಬ್ರೇಕ್ ಬೇಡ ಅಂದವರು ಮಾತ್ರ ಇವರೊಬ್ಬರೇ. ಅದೂ ಓಡಿಸುವವರು ಇವರಲ್ಲ, ಇವರ ಅಳಿಯ.

ಗಾಡಿಯೂ ಅಂಥದ್ದೇ. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮೋಟಾರ್ ಸೈಕಲ್ಲು. ಯಾರದೋ ಬಣವೆಯ ಪಕ್ಕ ಹತ್ತು ವರ್ಷ ಬಿದ್ದು ಕೋಳಿಗಳ ಮನೆಯಾಗಿತ್ತು. ಗೌಡರು ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು, ಇದನ್ನು ರೇಸ್ ಗಾಡಿ ಮಾಡಿಕೊಡಿ ಎಂದಿದ್ದರು.

"ಹಿಂದಿನ ಸೀಟು?"

"ಕಿತ್ತಾಕಿ. ನನ್ ಮಗಳು ಅದ್ರ ಮೇಲೆ ಕೂರಬಾರ್ದು."

"ಟ್ಯಾಂಕು?"

"ಎಲ್ಲಿ ಸಿಕ್ಕಿದ್ರೂ ಸರಿ, ದೊಡ್ಡದು ಹಾಕಿ."

"ಸ್ಪೀಡ್ ಎಷ್ಟು ಬೇಕು ಗೌಡ್ರೇ?"

ಗೌಡರು ಆಕಾಶಕ್ಕೆ ಕೈಮುಗಿದರು. "ಒಂದ್ಸಲ ಹತ್ತಿದ್ನೋ, ವಾಪಸ್ ಬರಬಾರ್ದು. ಅವತ್ತು ಊರಿಗೆಲ್ಲ ಪಾಯಸ ಹಾಕಿಸ್ತೀನಿ!"

ಗೌಡರು ಹೋದ ಮೇಲೆ ಖಲೀಮುಲ್ಲಾ ಲೆಕ್ಕ ಹಾಕಿದ. ಬ್ರೇಕ್ ಇಲ್ಲ. ಹೊತ್ತಿಕೊಂಡರೆ ಧಗಧಗ ಉರಿಯಲು ದೊಡ್ಡ ಟ್ಯಾಂಕು. ಮಗಳ ಪ್ರಾಣ ಉಳಿಯಲಿ ಅಂತ ಒಂಟಿ ಸೀಟು. ಯಾ ಅಲ್ಲಾ, ಇದು ಕೊಲೆ! ಅದೂ ತನ್ನ ಕೈಯಿಂದ! ಪೊಲೀಸಿಗೆ ಹೇಳಿದರೆ ನಗುತ್ತಾರೆ; ಬ್ರೇಕ್ ಬೇಡ ಅನ್ನುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಗೌಡರನ್ನೇ ನೇರವಾಗಿ ಕೇಳಬಾರದೇ ಎಂದಳು ಹೆಂಡತಿ ಕರೀಮುನ್ನೀಸಾ. ಹೆಂಗಸರಿಗೆ ಇಂಥದ್ದೆಲ್ಲ ತಿಳಿಯುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದ.

ಅಳಿಯ ಚನ್ನಕೇಶವ ಕೆಲಸ ನೋಡಲು ಬರತೊಡಗಿದ ಮೇಲಂತೂ ಖಲೀಮುಲ್ಲಾನಿಗೆ ಅಯ್ಯೋ ಅನ್ನಿಸಿತು. ಗುಂಡುಗುಂಡಾದ, ನಗುಮುಖದ ಹುಡುಗ. ಬಂದವನೇ ಇದ್ದ ಒಂದು ಕುರ್ಚಿಯಲ್ಲಿ ಕೂತರೆ ಸಂಜೆಯ ಬಸ್ಸಿಗೇ ಏಳುತ್ತಿದ್ದ.

"ನಮ್ಮ ಮಾವ ದೇವರಂಥೋರು ಖಲೀಮಣ್ಣ. ಮದ್ರಾಸ್ ಹತ್ರ ರೇಸ್ ನಡೀತದೆ, ಗೆದ್ರೆ ಅಲ್ಲೇ ಕಂಪನಿಯೋರು ಕೆಲಸ ಕೊಡ್ತಾರೆ, ಒಂದು ಗಾಡಿ ಇದ್ದಿದ್ರೆ ಅಂದೆ ಅಷ್ಟೆ. ಮಾರನೇ ದಿನಾನೇ ಗಾಡಿ ತಂದ್ರು ಕಣಣ್ಣ!"

ತರದೆ ಇರುತ್ತಾನೆಯೇ, ಪಾಪಿ ಎಂದುಕೊಂಡ ಖಲೀಮುಲ್ಲಾ. ಮದ್ರಾಸಿಗೆ ಹೋಗಬೇಕಾದರೆ ಮೊಗಿಲಿ ಘಾಟಿ ಇಳಿಯಬೇಕು. ಬ್ರೇಕ್ ಇಲ್ಲದವನು ಇಳಿಯುವ ಜಾಗವಲ್ಲ ಅದು, ಉರುಳುವ ಜಾಗ.

ಆದರೂ ಕೆಲಸದಲ್ಲಿ ಅವನು ಮೋಸ ಮಾಡಲಿಲ್ಲ. ಜೋರು ಹೆಚ್ಚಲೆಂದು ಎಂಜಿನ್ನಿನ ಹೆಡ್ಡನ್ನು ಉಜ್ಜಿ ತೆಳ್ಳಗೆ ಮಾಡಿದ. ಮಡ್‌ಗಾರ್ಡ್ ಕತ್ತರಿಸಿದ, ಸೈಲೆನ್ಸರ್ ಕಿತ್ತ, ಹ್ಯಾಂಡಲ್ ಬಗ್ಗಿಸಿ ಎದೆಯ ಮಟ್ಟಕ್ಕೆ ತಂದ. ಲಾರಿ ಸಾಮಾನಿನ ಗುಜರಿಯಲ್ಲಿ ಸಿಕ್ಕಿದ ಕುಂಬಳಕಾಯಿ ಗಾತ್ರದ ಟ್ಯಾಂಕು ಬೆಸೆದ. ಕೈವಾರದ ರಸ್ತೆಯಲ್ಲಿ ಓಡಿಸಿ ನೋಡಿದಾಗ ತಲೆಯ ಟೋಪಿ ಹಾರಿಹೋಯಿತು, ಕಣ್ಣಲ್ಲಿ ನೀರು ಬಂತು. ಅರ್ಧ ಗಾಳಿಗೆ, ಅರ್ಧ ಸಂತೋಷಕ್ಕೆ. ಇಂಥ ಗಾಡಿಯನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಶೆಡ್ಡಿಗೆ ವಾಪಸ್ ಬಂದು ಎರಡು ಚಕ್ರಕ್ಕೂ ಗಟ್ಟಿಯಾದ ಬ್ರೇಕ್ ಕೂರಿಸಿದ. ಆಮೇಲೆ ಎಂಜಿನ್ನಿಗೆ ಪೆಟ್ರೋಲು, ಗಾಳಿ ಉಣಿಸುವ ಕಾರ್ಬುರೇಟರ್ ಬಿಚ್ಚಿ, ಅದರ ಬಾಯಿಗೆ ಸಣ್ಣ ತೂತಿನ ತಗಡಿನ ಬಿಲ್ಲೆಯೊಂದನ್ನು ಅಡ್ಡ ಇಟ್ಟ. ಸಾಕಿದ ಮಗುವಿನ ಮೂಗನ್ನು ತಾನೇ ಹಿಡಿದಷ್ಟು ಸಂಕಟವಾಯಿತು. ಈಗ ಗಾಡಿಗೆ ಗರ್ಜನೆ ಹುಲಿಯದು, ನಡಿಗೆ ಎಮ್ಮೆಯದು. ಘಾಟಿಯವರೆಗೆ ಹೋದರಲ್ಲವೇ ಸಾಯುವುದು!

ಹೊರಡುವ ದಿನ ಗಾಡಿ ಒಪ್ಪಿಸಲು ಅವನೇ ಮೇಲೂರಿಗೆ ಹೋದ. ಅತ್ತೆ ಮುನಿಗಂಗಮ್ಮ ಅಳಿಯನಿಗೆ ಆರತಿ ಎತ್ತಿದರು. ಗೌಡರು ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು. ಎಂಥ ಮೊಸಳೆ ಕಣ್ಣೀರಪ್ಪಾ ಎಂದು ಖಲೀಮುಲ್ಲಾ ಹಲ್ಲು ಕಡಿದ. ಗಾಡಿ ಗುಡುಗಿತು, ಹಿಪ್ಪುನೇರಳೆ ತೋಟದ ಹಕ್ಕಿಗಳೆಲ್ಲ ಎದ್ದವು. ಒಂದು ಜೀವ ಉಳಿಸಿದ ಪುಣ್ಯವಂತನ ಠೀವಿಯಲ್ಲಿ ಅವನು ಚಿಂತಾಮಣಿಯ ಬಸ್ಸು ಹತ್ತಿದ.

ವಾರ ಕಳೆದು ಅದೇ ಎತ್ತಿನ ಗಾಡಿ ಶೆಡ್ಡಿನ ಮುಂದೆ ನಿಂತಿತು. ಮೇಲೆ ಮೋಟಾರ್ ಸೈಕಲ್ಲು, ಅದರ ಪಕ್ಕದ ಹುಲ್ಲಿನ ಮೇಲೆ ಗೊರಕೆ ಹೊಡೆಯುತ್ತಿದ್ದ ಚನ್ನಕೇಶವ. ಗೌಡರ ಮುಖ ಬಾಡಿತ್ತು.

"ಏನ್ ಮಾಡಿಟ್ರಿ ಸಾಬ್ರೇ? ಕೆರೆ ಏರಿ ಕೂಡ ಹತ್ತಲಿಲ್ಲ! ಊಟದ ಹೊತ್ತಿಗೆ ತಳ್ಕೊಂಡು ವಾಪಸ್ ಬಂದ!"

ಖಲೀಮುಲ್ಲಾ ಎದೆ ಉಬ್ಬಿಸಿದ. "ಬೇಕಂತಲೇ ಮಾಡ್ದೆ ಗೌಡ್ರೇ. ಅಳಿಯನ್ನ ಕೊಲ್ಲೋಕೆ ನನ್ ಕೈನೇ ಬೇಕಿತ್ತಾ ನಿಮಗೆ?"

ಗೌಡರು ಎಣ್ಣೆ ಡಬ್ಬದ ಮೇಲೆ ಕುಸಿದು ಕೂತು, ಮಲಗಿದ್ದವನಿಗೆ ಕೇಳಿಸದಂತೆ ಪಿಸುಗುಟ್ಟಿದರು. "ಕೊಲ್ಲೋದಾ? ಮದ್ವೆ ಆದ ಮೊದಲ್ನೇ ದೀಪಾವಳಿಗೆ ಅಂತ ಊಟಕ್ಕೆ ಬಂದೋನಪ್ಪ ಅವನು! ಮೂರು ದೀಪಾವಳಿ ಆಯ್ತು, ಇನ್ನೂ ಎದ್ದಿಲ್ಲ. ಅಳಿಯನಿಗೆ ಎದ್ದು ಹೋಗು ಅನ್ನೋಕಾಗ್ತದಾ? ಹಿಂದೆ ಸೀಟಿದ್ರೆ ಮಗಳ್ನ ಕೂರಿಸ್ಕೊಂಡು ಸಿನಿಮಾ ನೋಡ್ಕೊಂಡು ಬರ್ತಾನೆ. ದಾರೀಲಿ ಎಲ್ಲಾದ್ರೂ ನಿಂತ್ರೂ, ಪೆಟ್ರೋಲ್ ಮುಗಿದ್ರೂ ವಾಪಸ್ ಬರ್ತಾನೆ. ಅದಕ್ಕೇ ಅಲ್ವೇನಪ್ಪಾ ಅದೆಲ್ಲ ಹೇಳಿದ್ದು!"

ಖಲೀಮುಲ್ಲಾ ಎತ್ತಿನ ಗಾಡಿಯ ಮೇಲಕ್ಕೆ ಹಾರಿದ. ಕಾರ್ಬುರೇಟರ್ ಬಿಚ್ಚಿ ಬಿಲ್ಲೆ ಕಿತ್ತೆಸೆದ. "ಆಯ್ತು ಗೌಡ್ರೇ! ಈಗ್ಲೇ ಹೊರಡ್ಬೋದು, ಈಗ್ಲೇ!"

ಆ ಗಲಾಟೆಗೆ ಚನ್ನಕೇಶವನಿಗೆ ಎಚ್ಚರವಾಯಿತು. ಅವನು ಮೈ ಮುರಿದು ಕೆಳಗಿಳಿದ, ಹುಲ್ಲಿನಡಿಯಿಂದ ಹಾಸಿಗೆ ಸುರುಳಿ ಎಳೆದು ಶೆಡ್ಡಿಗೆ ಅಂಟಿಕೊಂಡಿದ್ದ ಖಲೀಮುಲ್ಲಾನ ಮನೆಯ ಜಗಲಿಯ ಮೇಲೆ ಹಾಸಿದ. "ನಿಧಾನಕ್ಕೆ ಮಾಡಿ ಖಲೀಮಣ್ಣ. ರಿಪೇರಿ ಆಗೋವರ್ಗೂ ನಿಮ್ಮನೇಲೇ ಇರು ಅಂದಿದ್ದಾರೆ ಮಾವ. ರೇಸ್ ಮೊನ್ನೇನೇ ಮುಗೀತು, ಇನ್ನು ಬರೋ ವರ್ಷಾನೇ. ನನಗೇನೂ ಅರ್ಜೆಂಟಿಲ್ಲ."