ನೋಡಲು ಕಲಿತವಳು

ಶಶಿಪ್ರಭಾ ಸದ್ದಿಲ್ಲದೆ ಬಂದು ತಂಗಿಯ ಎದುರು ನಿಂತಳು. ರಾಜೀವಿ ಅವಳನ್ನೇ ನೋಡುತ್ತ ಕೇಳಿದಳು, “ಯಾರು?”

ಅಕ್ಕ ಇನ್ನೂ ಹತ್ತಿರ ಬಂದಳು. ಹುಟ್ಟುವಾಗಲೇ ಕಣ್ಣಿಗೆ ಪೊರೆ ಬಂದಿದ್ದ ತಂಗಿಯನ್ನು, ತಾಯಿ ತೀರಿಕೊಂಡ ಮೇಲೆ ಸಾಕಿದವಳು ಅವಳು. ಮಂಗಳೂರಿನಲ್ಲಿ ಆಪರೇಶನ್ ಮಾಡಿಸಿ, ದಪ್ಪ ಕನ್ನಡಕ ಹಾಕಿಸಿ, ನರಿಕೊಂಬಿಗೆ ಕರೆತಂದು ವಾರವಾಗಿತ್ತಷ್ಟೆ.

“ನಾನು ಮಾರಾಯ್ತಿ!”

ಸ್ವರ ಕೇಳಿದ್ದೇ ರಾಜೀವಿಯ ಮುಖ ಅರಳಿತು. “ಅಕ್ಕನಾ! ಬಣ್ಣ ಕಾಣ್ತದೆ, ಏನೋ ಅಲ್ಲಾಡುವುದು ಕಾಣ್ತದೆ. ಅದು ನೀನು ಅಂತ ಮಾತ್ರ ಗೊತ್ತಾಗುವುದಿಲ್ಲ.”

ಆಪರೇಶನ್ ಕೆಟ್ಟಿತೋ ಏನೋ ಎಂದು ಹೆದರಿ ಅಕ್ಕ ನೆರೆಮನೆಯ ರಮಾನಾಥ ಮಾಸ್ಟ್ರನ್ನು ಕರೆದಳು. ಬಂಟ್ವಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು.

“ಕಣ್ಣು ಸರಿ ಉಂಟು. ಇನ್ನು ಕಲಿಯಬೇಕಾದ್ದು ಮಿದುಳು,” ಎಂದರು ಮಾಸ್ಟ್ರು. “ಅಮೆರಿಕದಲ್ಲಿ ಮಿದುಳಿನ ನರಗಳ ಹಾಗೆ ತಂತಿ ಜೋಡಿಸಿ ಒಂದು ಯಂತ್ರ ಮಾಡಿದ್ದಾರಂತೆ, ಪತ್ರಿಕೆಯಲ್ಲಿ ಓದಿದೆ. ಮೊದಲು ಅದಕ್ಕೆ ಒಂದು ಅಕ್ಷರವೂ ಗೊತ್ತಿಲ್ಲ. ತೋರಿಸುವುದು, ತಪ್ಪಿದರೆ ತಪ್ಪು ಅನ್ನುವುದು. ತಪ್ಪಿದಾಗೆಲ್ಲ ಒಳಗಿನ ಜೋಡಣೆ ಸ್ವಲ್ಪ ಬದಲಾಗ್ತದೆ. ಕೊನೆಗೆ ಗುರುತು ಹಿಡಿಯುತ್ತದೆ. ಇವಳಿಗೂ ಹಾಗೆಯೇ ತೋರಿಸುವ.”

ಅಂದಿನಿಂದ ಪಾಠ ಶುರುವಾಯಿತು. ಚೆಂಬು, ಮಣೆ, ಬೆಕ್ಕು. ರಾಜೀವಿ ಮೊದಲು ಮುಟ್ಟುವಳು, ಆಮೇಲೆ ನೋಡುವಳು. ತಪ್ಪು ಹೇಳಿದರೆ ಅಕ್ಕ ಮತ್ತೆ ಕೈಗೆ ಕೊಡುವಳು. ಮುಖಗಳು ಬಹಳ ಕಷ್ಟವಾದವು. ಅಕ್ಕ ನಕ್ಕು ತೋರಿಸಿದಳು, ಸಿಟ್ಟು ಮಾಡಿ ತೋರಿಸಿದಳು. ಅವಳ ತುಟಿಯಂಚು ಮುಟ್ಟಿ ಮುಟ್ಟಿ ತಂಗಿ ನಗು ಯಾವುದೆಂದು ಕಲಿತಳು.

ಒಂದು ಬೆಳಿಗ್ಗೆ ಮಾಸ್ಟ್ರು ಸುದ್ದಿ ತಂದರು. ಮಿಜಾರಿನ ಭೋಜನಿಗೆ ಬೇರೆ ಕಡೆ ಮದುವೆ ನಿಶ್ಚಯವಾಗಿತ್ತು. ಶಶಿಪ್ರಭಾಳನ್ನೇ ಮದುವೆ ಆಗುತ್ತೇನೆಂದು ವರ್ಷಗಟ್ಟಲೆ ಕಾದವನು ಅವನು. ಕಣ್ಣಿಲ್ಲದ ತಂಗಿಯನ್ನು ಬಿಟ್ಟು ಹೋಗಲಾರದೆ ಇವಳೇ ಬೇಡವೆಂದಿದ್ದಳು. “ನನಗೆ ಮದುವೆ ಗಿದುವೆ ಯಾಕೆ?” ಎಂದು ಅವಳು ನಗುವ ಸ್ವರದಲ್ಲಿ ಹೇಳಿದ್ದನ್ನು ರಾಜೀವಿ ನಂಬಿದ್ದಳು.

“ಒಳ್ಳೆಯದೇ ಆಯಿತು ಮಾಸ್ಟ್ರೇ!” ಎಂದಳು ಅಕ್ಕ ಈಗಲೂ, ಅದೇ ಸ್ವರದಲ್ಲಿ.

ರಾಜೀವಿ ಕನ್ನಡಕ ಸರಿಪಡಿಸಿಕೊಂಡು ಅವಳ ಮುಖವನ್ನೇ ನೋಡಿದಳು.

“ಅಕ್ಕ, ನಿನ್ನ ಸ್ವರ ನಗ್ತಾ ಉಂಟು. ಮುಖ ನಗ್ತಾ ಇಲ್ಲ. ನಾನು ಕಲಿತದ್ದು ತಪ್ಪಾ?”

ಮಾಸ್ಟ್ರು ತಲೆ ತಗ್ಗಿಸಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಕಣ್ಣೀರು ತಂಗಿಗೆ ಕಾಣದಿರಲೆಂದು ಅಕ್ಕ ಮುಖ ತಿರುಗಿಸಿಕೊಳ್ಳಬೇಕಾಯಿತು.